ಹೆಬ್ಬಕದ ಹಾದಿಯಲ್ಲಿ ಹೈಟೆನ್ಷನ್ ತಂತಿ

ವಿದ್ಯುತ್ ಮಾರ್ಗಗಳು ವನ್ಯಜೀವಿಗಳನ್ನು ಎರಡು ಬಗೆಯಲ್ಲಿ ಕೊಲ್ಲುತ್ತವೆ. ಈ ಎರಡರ ಕಾರಣವೂ ಪರಿಹಾರವೂ ಬೇರೆಬೇರೆಯಾದ್ದರಿಂದ ಅವುಗಳನ್ನು ಮೊದಲೇ ಬಿಡಿಸಿ ನೋಡುವುದು ಅಗತ್ಯ. ಮೊದಲನೆಯದು ವಿದ್ಯುದಾಘಾತ. ಹಳ್ಳಿಗಳಿಗೂ ಹೊಲದ ಪಂಪ್‌ಸೆಟ್ಟುಗಳಿಗೂ ವಿದ್ಯುತ್ ಒಯ್ಯುವ 11 ಕೆ.ವಿ. ಮತ್ತು 33 ಕೆ.ವಿ. ಮಾರ್ಗಗಳಲ್ಲಿ (ಒಂದು ಕೆ.ವಿ. ಎಂದರೆ ಸಾವಿರ ವೋಲ್ಟ್) ತಂತಿಗಳ ನಡುವಿನ ಅಂತರ ಕಡಿಮೆ. ಕಂಬದ ಕಬ್ಬಿಣದ ಅಡ್ಡಪಟ್ಟಿಯ ಮೇಲೆ ಕೂತ ಹದ್ದೋ ಗಿಡುಗವೋ ರೆಕ್ಕೆ ಬಿಚ್ಚಿದಾಗ ಏಕಕಾಲಕ್ಕೆ ಎರಡು ತಂತಿಗಳನ್ನು, ಇಲ್ಲವೇ ಒಂದು ತಂತಿಯನ್ನೂ ನೆಲಕ್ಕೆ ಜೋಡಿಸಿದ ಕಬ್ಬಿಣವನ್ನೂ ಮುಟ್ಟಿದರೆ ಅದರ ಮೈಯ ಮೂಲಕ ವಿದ್ಯುತ್ ಹರಿದುಬಿಡುತ್ತದೆ. ಅದೇ ತಂತಿಯ ಮೇಲೆ ಸಾಲಾಗಿ ಕೂರುವ ಗುಬ್ಬಿ, ಮೈನಾಗಳು ಬದುಕುಳಿಯುವುದಕ್ಕೆ ಅವು ಒಂದು ತಂತಿಯನ್ನಷ್ಟೇ ಮುಟ್ಟಿರುವುದೇ ಕಾರಣ. ಎರಡನೆಯದು ಡಿಕ್ಕಿ. ಎತ್ತರದ ಉಕ್ಕಿನ ಗೋಪುರಗಳ ಮೇಲೆ ಹಾಯುವ 132, 220, 400 ಮತ್ತು 765 ಕೆ.ವಿ. ಮಾರ್ಗಗಳಲ್ಲಿ ತಂತಿಗಳು ದೂರ ದೂರ ಇರುವುದರಿಂದ ವಿದ್ಯುದಾಘಾತದ ಭಯ ಕಡಿಮೆ. ಆದರೆ ಹಾರುತ್ತ ಬಂದ ಹಕ್ಕಿ ತಂತಿಗೆ ಅಪ್ಪಳಿಸಿ ಕತ್ತೋ ರೆಕ್ಕೆಯೋ ಮುರಿದು ಬೀಳುತ್ತದೆ. ಇಲ್ಲಿ ಬಹುಪಾಲು ಸಾವಿಗೆ ಕಾರಣವಾಗುವುದು ವಿದ್ಯುತ್ ಹರಿಯುವ ದಪ್ಪ ತಂತಿಯಲ್ಲ, ಸಿಡಿಲಿನಿಂದ ರಕ್ಷಣೆಗಾಗಿ ಗೋಪುರಗಳ ನೆತ್ತಿಯಿಂದ ನೆತ್ತಿಗೆ ಎಳೆದಿರುವ ತೆಳ್ಳನೆಯ ಅರ್ಥ್ ವೈರ್. ಕೆಳಗಿನ ದಪ್ಪ ತಂತಿಗಳನ್ನು ಕಂಡ ಹಕ್ಕಿ ಅವುಗಳನ್ನು ತಪ್ಪಿಸಲು ಮೇಲೇರುತ್ತದೆ, ಮೇಲೆ ಇರುವುದು ಅದಕ್ಕೆ ಕಾಣುವುದಿಲ್ಲ.

ಭಾರತದಲ್ಲಿ ಈ ಎರಡನೆಯ ಬಗೆಯ ಸಾವಿನಿಂದ ಅಳಿವಿನ ಅಂಚಿಗೆ ಬಂದು ನಿಂತಿರುವ ಜೀವಿ ಹೆಬ್ಬಕ. ದೊರವಾಯನ ಹಕ್ಕಿ, ಎರೆಭೂತ ಎಂಬ ಹೆಸರುಗಳೂ ಕನ್ನಡದಲ್ಲಿ ಇದಕ್ಕುಂಟು. ರಾಜಸ್ಥಾನದವರು ಗೋದಾವಣ ಎಂದು ಕರೆದು ತಮ್ಮ ರಾಜ್ಯಪಕ್ಷಿಯಾಗಿಸಿಕೊಂಡಿದ್ದಾರೆ. ಪಕ್ಷಿಶಾಸ್ತ್ರದಲ್ಲಿ ಅದು ಗ್ರೇಟ್ ಇಂಡಿಯನ್ ಬಸ್ಟರ್ಡ್. ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ, ಗಂಡು 15 ಕೆ.ಜಿ.ವರೆಗೂ ತೂಗಬಲ್ಲ ಈ ಪಕ್ಷಿ ಜಗತ್ತಿನ ಅತ್ಯಂತ ಭಾರದ ಹಾರುವ ಹಕ್ಕಿಗಳಲ್ಲೊಂದು. ಪಂಜಾಬಿನಿಂದ ತಮಿಳುನಾಡಿನವರೆಗೆ ಒಣ ಹುಲ್ಲುಗಾವಲು ಇದ್ದಲ್ಲೆಲ್ಲ ಇದ್ದ ಈ ಹಕ್ಕಿಯ ಸಂಖ್ಯೆಯನ್ನು 1969ರಲ್ಲಿ ಸುಮಾರು 1,260 ಎಂದು ಅಂದಾಜಿಸಲಾಗಿತ್ತು. 2008ರ ಹೊತ್ತಿಗೆ ಅದು 300ಕ್ಕೆ ಇಳಿಯಿತು. ಆನಂತರದ ಅಂದಾಜುಗಳು 150ರ ಆಸುಪಾಸಿನಲ್ಲಿವೆ, ಅವುಗಳಲ್ಲೂ ಹೆಚ್ಚಿನವು ಜೈಸಲ್ಮೇರ್ ಸುತ್ತಲಿನ ಥಾರ್ ಮರುಭೂಮಿಯಲ್ಲಿವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2011ರಲ್ಲಿ ಇದನ್ನು ‘ತೀವ್ರವಾಗಿ ಅಪಾಯಕ್ಕೊಳಗಾದ’ ಜೀವಿಗಳ ಪಟ್ಟಿಗೆ ಸೇರಿಸಿತು. ಹಿಂದಿನ ಕಾಲದ ಬೇಟೆ, ಹುಲ್ಲುಗಾವಲುಗಳು ನೀರಾವರಿ ಹೊಲಗಳಾದದ್ದು, ಮೊಟ್ಟೆ ತಿನ್ನುವ ನಾಯಿಗಳು, ಇವೆಲ್ಲವೂ ಈ ಕುಸಿತದ ಹಿಂದಿವೆ. ಆದರೆ ಉಳಿದಿರುವ ಹಕ್ಕಿಗಳ ಮಟ್ಟಿಗೆ ತಜ್ಞರು ಮೊದಲು ಹೆಸರಿಸುವ ಅಪಾಯ ವಿದ್ಯುತ್ ತಂತಿ.

ಹಕ್ಕಿಯ ಕಣ್ಣು ಅಷ್ಟು ಚುರುಕಾಗಿರುವಾಗ ಅದು ತಂತಿಯನ್ನು ಏಕೆ ನೋಡುವುದಿಲ್ಲ ಎಂಬ ಪ್ರಶ್ನೆ ಸಹಜ. ಇದರ ಉತ್ತರ ಕಣ್ಣುಗಳು ತಲೆಯಲ್ಲಿ ಎಲ್ಲಿ ಕೂತಿವೆ ಎಂಬುದರಲ್ಲಿದೆ. ಬಯಲಿನಲ್ಲಿ ಬದುಕುವ ಈ ಕುಲದ ಹಕ್ಕಿಗಳಿಗೆ ಶತ್ರು ಯಾವ ದಿಕ್ಕಿನಿಂದ ಬಂದರೂ ಕಾಣಬೇಕಾದ್ದರಿಂದ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಅದರಿಂದ ಅಕ್ಕಪಕ್ಕದ ನೋಟ ವಿಶಾಲವಾಗಿದೆ, ಎರಡೂ ಕಣ್ಣುಗಳು ಕೂಡಿ ನೋಡುವ ಮುಂದಿನ ನೋಟ ಮಾತ್ರ ತೀರಾ ಕಿರಿದು. ಆಫ್ರಿಕಾದ ಕೋರಿ ಬಸ್ಟರ್ಡ್ ಎಂಬ ಸಮೀಪದ ಬಂಧುವಿನ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆ ಹಕ್ಕಿ ಹಾರುವಾಗ ತಲೆಯನ್ನು 25 ಡಿಗ್ರಿಯಷ್ಟು ಕೆಳಕ್ಕೆ ಬಾಗಿಸಿದರೆ ಸಾಕು, ತಾನು ಸಾಗುತ್ತಿರುವ ದಿಕ್ಕಿನಲ್ಲಿ ಅದು ಪೂರ್ತಿ ಕುರುಡಾಗುತ್ತದೆ. ಹಾರುವ ಹಕ್ಕಿ ಕೆಳಗೆ ನೋಡುವುದು ಮೇವು, ಜೊತೆಗಾರರು ಅಥವಾ ಇಳಿಯುವ ಜಾಗಕ್ಕಾಗಿ, ಅಂದರೆ ದಿನನಿತ್ಯದ ಬದುಕಿಗಾಗಿ. ಕೋಟ್ಯಂತರ ವರ್ಷಗಳ ವಿಕಾಸದಲ್ಲಿ ಹುಲ್ಲುಗಾವಲಿನ ಮೇಲಿನ ಆಕಾಶದಲ್ಲಿ ಎದುರಾಗುವ ವಸ್ತುವೇ ಇರಲಿಲ್ಲವಾದ್ದರಿಂದ ಮುಂದೆ ನೋಡುವ ಅಗತ್ಯವೂ ಅದಕ್ಕೆ ಬಂದಿರಲಿಲ್ಲ. ತಂತಿ ಹತ್ತಿರದಲ್ಲಿ ಕಂಡರೂ ಅಷ್ಟು ತೂಕದ ಮೈಯನ್ನು ಥಟ್ಟನೆ ಬೇರೆ ದಿಕ್ಕಿಗೆ ತಿರುಗಿಸುವುದು ಅದಕ್ಕೆ ಸಾಧ್ಯವಿಲ್ಲ.

ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು ಥಾರ್ ಪ್ರದೇಶದ ತಂತಿಗಳ ಕೆಳಗೆ ನಡೆದು ಸತ್ತ ಹಕ್ಕಿಗಳನ್ನು ಎಣಿಸಿ, ನಾಯಿ ನರಿಗಳು ಎತ್ತಿಕೊಂಡು ಹೋಗುವ ಕಳೇಬರಗಳಿಗೂ ಲೆಕ್ಕ ಹಾಕಿ, ಸುಮಾರು 4,200 ಚದರ ಕಿ.ಮೀ. ವ್ಯಾಪ್ತಿಯಲ್ಲಿ ವರ್ಷಕ್ಕೆ ಅಂದಾಜು 84,000 ಹಕ್ಕಿಗಳು ತಂತಿಗಳಿಂದ ಸಾಯುತ್ತವೆಂಬ ನಿರ್ಣಯಕ್ಕೆ ಬಂದರು. ಅವುಗಳಲ್ಲಿ ಹೆಬ್ಬಕಗಳ ಪಾಲು ವರ್ಷಕ್ಕೆ 18 ಎಂದು ಅವರ ಅಂದಾಜು. ಋತುವಿಗೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದನ್ನೂ ಬರಿ ನೆಲದ ಮೇಲೆ ಇಡುವ ಹಕ್ಕಿಗೆ, ಒಟ್ಟು ಸಂಖ್ಯೆ ನೂರೈವತ್ತರೊಳಗೆ ಇರುವಾಗ, ವರ್ಷಕ್ಕೆ ಹದಿನೆಂಟು ವಯಸ್ಕ ಹಕ್ಕಿಗಳ ನಷ್ಟವನ್ನು ತುಂಬಿಕೊಳ್ಳುವ ಶಕ್ತಿಯಿಲ್ಲ. ಸಮಸ್ಯೆ ಹೆಬ್ಬಕಕ್ಕೆ ಸೀಮಿತವೂ ಅಲ್ಲ: ಉತ್ತರ ಪ್ರದೇಶದಲ್ಲಿ ಸಾರಸ ಕೊಕ್ಕರೆಗಳ ಸುಮಾರು ಶೇ 1ರಷ್ಟು ಪ್ರತಿ ವರ್ಷ ತಂತಿಗಳಿಗೆ ಬಲಿಯಾಗುತ್ತವೆಂದು 2005ರ ಅಧ್ಯಯನವೊಂದು ತೋರಿಸಿದೆ, ಕಚ್ಛದ ರಣದಲ್ಲಿ ರಾಜಹಂಸಗಳು ತಂತಿಗೆ ಸಿಕ್ಕಿ ಸತ್ತ ವರದಿಗಳಿವೆ.

ಪರಿಹಾರವೆಂದಾಗ ಎಲ್ಲರ ಬಾಯಲ್ಲಿ ಮೊದಲು ಬರುವುದು ಬರ್ಡ್ ಡೈವರ್ಟರ್, ಅಂದರೆ ತಂತಿಯನ್ನು ಹಕ್ಕಿಗೆ ಕಾಣಿಸುವಂತೆ ಮಾಡಲು ಅದರ ಮೇಲೆ ಅಲ್ಲಲ್ಲಿ ತೂಗುಹಾಕುವ ಸಾಧನ. ಕೆಲವು ಸುರುಳಿಯಾಕಾರದ ಪ್ಲಾಸ್ಟಿಕ್ ತುಂಡುಗಳು. ಇನ್ನು ಕೆಲವು ಗಾಳಿಗೆ ಗಿರಗಿರ ತಿರುಗುವ, ಹಗಲು ಬೆಳಕನ್ನು ಪ್ರತಿಫಲಿಸಿ ಕತ್ತಲಲ್ಲಿ ಮಂಕಾಗಿ ಹೊಳೆಯುವ ತಟ್ಟೆಗಳು. ಈ ಎರಡನೆಯ ಬಗೆಯ, ‘ಫೈರ್‌ಫ್ಲೈ’ ಎಂದು ಹೆಸರಾದ 1,813 ಸಾಧನಗಳನ್ನು ಪೋಖರಣ್ ಬಳಿಯ ಚಾಚಾ ಮತ್ತು ಧೋಲಿಯಾ ಹಳ್ಳಿಗಳ ನಡುವಿನ ಸುಮಾರು ಆರೂವರೆ ಕಿ.ಮೀ. ತಂತಿಗೆ ಅಳವಡಿಸಲಾಯಿತು. ಕೆಲಸ ಶ್ಲಾಘನೀಯ. ಆದರೆ ಡೈವರ್ಟರ್ ತೂಗಿಸಿದ ಮೇಲೆ ಹಕ್ಕಿ ಸುರಕ್ಷಿತ ಎಂಬ ನಂಬಿಕೆಗೆ ಆಧಾರ ಸಾಲದು. ದಕ್ಷಿಣ ಆಫ್ರಿಕಾದ ಕರೂ ಎಂಬ ಒಣ ಬಯಲಿನಲ್ಲಿ ಡೈವರ್ಟರ್ ಇರುವ ಮತ್ತು ಇಲ್ಲದ ತಂತಿಗಳನ್ನು ಹಲವು ವರ್ಷ ಹೋಲಿಸಿ ನೋಡಿದ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಡೈವರ್ಟರುಗಳಿಂದ ನೀಲಿ ಕೊಕ್ಕರೆಗಳ ಸಾವು ಶೇ 92ರಷ್ಟು ತಗ್ಗಿತು, ದೊಡ್ಡ ಹಕ್ಕಿಗಳೆಲ್ಲವನ್ನೂ ಸೇರಿಸಿ ನೋಡಿದರೆ ಶೇ 51ರಷ್ಟು ತಗ್ಗಿತು. ಆದರೆ ಅಲ್ಲಿನ ಬಸ್ಟರ್ಡ್ ಹಕ್ಕಿಗಳ ಸಾವಿನಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಮುಂದೆ ನೋಡದ ಹಕ್ಕಿಗೆ ಮುಂದಿರುವ ತಟ್ಟೆ ಎಷ್ಟು ಹೊಳೆದರೇನು? ಅದು ಬೇರೆ ಖಂಡದ ಬೇರೆ ಜಾತಿ, ಅದರ ಫಲಿತಾಂಶವನ್ನು ಹಾಗೆಯೇ ಹೆಬ್ಬಕಕ್ಕೆ ಅನ್ವಯಿಸಬಾರದು ಎಂದು ವಾದಿಸಬಹುದು. ಆದರೆ ನೂರೈವತ್ತು ಹಕ್ಕಿಗಳಷ್ಟೇ ಉಳಿದಿರುವಾಗ, ಡೈವರ್ಟರ್ ಕೆಲಸ ಮಾಡುತ್ತದೆಯೇ ಎಂಬುದನ್ನು ಅವುಗಳ ಸಾವನ್ನು ಎಣಿಸಿ ಪರೀಕ್ಷಿಸುವ ಅವಕಾಶವೂ ಇಲ್ಲ. ಇಂಥ ಸ್ಥಿತಿಯಲ್ಲಿ ಅನುಮಾನದ ಲಾಭ ಸಲ್ಲಬೇಕಾದುದು ಹಕ್ಕಿಗೆ.

ಎರಡನೆಯ ಪರಿಹಾರ ತಂತಿಯನ್ನು ನೆಲದೊಳಕ್ಕೆ ಇಳಿಸುವುದು. ಆಸ್ಟ್ರಿಯ ಮತ್ತು ಅದರ ನೆರೆಯ ಹಂಗೇರಿಯ ಬಯಲುಗಳಲ್ಲಿ ಹೆಬ್ಬಕದ ಇನ್ನೊಂದು ಬಂಧುವಾದ ಗ್ರೇಟ್ ಬಸ್ಟರ್ಡ್ ಇದೇ ಬಗೆಯಲ್ಲಿ ಸಾಯುತ್ತಿದ್ದಾಗ, ಐರೋಪ್ಯ ಒಕ್ಕೂಟದ ನೆರವಿನಿಂದ ಐವತ್ತು ಕಿ.ಮೀ. ಆಸುಪಾಸಿನಷ್ಟು ಮಧ್ಯಮ ವೋಲ್ಟೇಜಿನ ತಂತಿಯನ್ನು ನೆಲದಡಿ ಹಾಕಿ, ಉಳಿದ ದೊಡ್ಡ ಮಾರ್ಗಗಳಿಗೆ ಡೈವರ್ಟರ್ ಅಳವಡಿಸಲಾಯಿತು. ಡಿಕ್ಕಿಯ ಸಾವುಗಳು ಇಳಿದು ಹಕ್ಕಿಗಳ ಸಂಖ್ಯೆ ಏರಿತು. ಭಾರತದಲ್ಲಿ ವಿದ್ಯುತ್ ಕಂಪನಿಗಳು ಎತ್ತುವ ಆಕ್ಷೇಪದಲ್ಲೂ ಹುರುಳಿದೆ ಎಂಬುದನ್ನು ಒಪ್ಪಬೇಕು. ಮನೆಗೆ ಬರುವಂಥ ಪರ್ಯಾಯ ವಿದ್ಯುತ್ತನ್ನು ಅತಿ ಹೆಚ್ಚಿನ ವೋಲ್ಟೇಜಿನಲ್ಲಿ ಕೇಬಲ್ಲಿನ ಮೂಲಕ ದೂರ ಸಾಗಿಸಿದರೆ, ಕೇಬಲ್ಲಿನ ಹೊದಿಕೆಯೇ ಪ್ರತಿ ಕ್ಷಣವೂ ವಿದ್ಯುತ್ತನ್ನು ತುಂಬಿಕೊಂಡು ಬಿಡುತ್ತಿರುವುದರಿಂದ ಕೇಬಲ್ಲಿನ ಸಾಮರ್ಥ್ಯದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಬಿಸಿ ಹೊರಹೋಗಲು ಗಾಳಿಯಿಲ್ಲದಿರುವುದು, ಅಲ್ಲಲ್ಲಿ ಜೋಡಿಸಿದ ಕೀಲುಗಳು ಕೆಡುವುದು, ಮೇಲಿನ ತಂತಿಗಿಂತ ಹಲವು ಪಟ್ಟು ವೆಚ್ಚ, ಇವೂ ನಿಜವಾದ ತೊಡಕುಗಳೇ. 33 ಕೆ.ವಿ.ವರೆಗಿನ ಮಾರ್ಗಗಳಲ್ಲಿ ಮಾತ್ರ ಈ ತೊಡಕುಗಳು ಚಿಕ್ಕವು. ಕೇಂದ್ರ ವಿದ್ಯುತ್ ಪ್ರಾಧಿಕಾರವು ಹೆಬ್ಬಕದ ಪ್ರದೇಶಗಳಿಗೆಂದೇ 2023ರಲ್ಲಿ ಹೊರಡಿಸಿದ ನಿಯಮಾವಳಿ ಈ ಗೆರೆಯನ್ನೇ ಎಳೆಯುತ್ತದೆ: 33 ಕೆ.ವಿ. ಮತ್ತು ಅದಕ್ಕಿಂತ ಕಡಿಮೆಯವು ನೆಲದಡಿ ಹೋಗಬೇಕು, ಅದಕ್ಕೂ ಮೇಲಿನವು ಡೈವರ್ಟರ್ ಸಹಿತ ಆಕಾಶದಲ್ಲೇ ಇರಬಹುದು. ಹಾಗಾದಾಗ ಹಕ್ಕಿ ಹಾರುವ ಎತ್ತರದಲ್ಲಿ ನಿಂತಿರುವ ದೊಡ್ಡ ಮಾರ್ಗಗಳಿಗೆ ಉಳಿಯುವುದು ಬಸ್ಟರ್ಡುಗಳ ಮಟ್ಟಿಗೆ ಸಾಬೀತಾಗದ ಉಪಾಯವೊಂದೇ.

ಈ ಇಕ್ಕಟ್ಟು ಸುಪ್ರೀಂ ಕೋರ್ಟಿನ ಕಡತದಲ್ಲಿ ಹಲವು ವರ್ಷ ಹರಿದಾಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ರೂಪಿಸಿದವರಲ್ಲಿ ಪ್ರಮುಖರಾದ ನಿವೃತ್ತ ಅಧಿಕಾರಿ ಎಂ.ಕೆ. ರಂಜಿತ್‌ಸಿಂಹ 2019ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ 2021ರ ಏಪ್ರಿಲ್ 19ರಂದು ನ್ಯಾಯಾಲಯ ರಾಜಸ್ಥಾನ ಮತ್ತು ಗುಜರಾತಿನ ಹೆಬ್ಬಕ ಪ್ರದೇಶಗಳಲ್ಲಿ ಸಾಧ್ಯವಿರುವಲ್ಲೆಲ್ಲ ತಂತಿಗಳನ್ನು ನೆಲದಡಿ ಹಾಕುವಂತೆಯೂ, ಅಲ್ಲಿಯವರೆಗೆ ಡೈವರ್ಟರ್ ಅಳವಡಿಸುವಂತೆಯೂ ಆದೇಶಿಸಿತು. ಆದೇಶದ ವ್ಯಾಪ್ತಿ ಸುಮಾರು 99,000 ಚದರ ಕಿ.ಮೀ.; ಅದು ದೇಶದಲ್ಲೇ ಅತ್ಯಂತ ಪ್ರಖರ ಬಿಸಿಲು ಬೀಳುವ, ಸೌರ ವಿದ್ಯುತ್ತಿಗೆ ಹೇಳಿ ಮಾಡಿಸಿದ ನೆಲವೂ ಹೌದು. ಅಷ್ಟು ವಿಸ್ತಾರದಲ್ಲಿ ನೆಲದಡಿ ಕೇಬಲ್ ಸಾಧ್ಯವಿಲ್ಲವೆಂದು ಕೇಂದ್ರ ಸರ್ಕಾರ ಹೇಳಿದ್ದನ್ನು ಪರಿಗಣಿಸಿದ ನ್ಯಾಯಾಲಯ 2024ರ ಮಾರ್ಚ್ 21ರಂದು ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಯನ್ನು ನೇಮಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಗಿದೆ ಎಂದು ಹೇಳಿದ್ದು ಇದೇ ತೀರ್ಪು. ಸಮಿತಿಯ ಶಿಫಾರಸುಗಳನ್ನು ಒಪ್ಪಿ 2025ರ ಡಿಸೆಂಬರಿನಲ್ಲಿ ಬಂದ ತೀರ್ಪಿನಲ್ಲಿ ರಾಜಸ್ಥಾನದ 14,013 ಮತ್ತು ಗುಜರಾತಿನ 740 ಚದರ ಕಿ.ಮೀ. ಪ್ರದೇಶಗಳನ್ನು ಆದ್ಯತಾ ವಲಯವೆಂದು ಗುರುತಿಸಿ, ಅಲ್ಲಿ ಹೊಸ ಗಾಳಿಯಂತ್ರ ಮತ್ತು ದೊಡ್ಡ ಸೌರ ಸ್ಥಾವರಗಳಿಗೆ ನಿರ್ಬಂಧ ಹಾಕಿ, ದೊಡ್ಡ ಮಾರ್ಗಗಳು ಗೊತ್ತುಪಡಿಸಿದ ಕಾರಿಡಾರಿನಲ್ಲೇ ಸಾಗಬೇಕೆಂದು ವಿಧಿಸಲಾಗಿದೆ.

ಆರು ವರ್ಷಗಳ ಈ ವ್ಯಾಜ್ಯದಿಂದ ಹೊರಟ ಅತ್ಯಂತ ಬೆಲೆಬಾಳುವ ಮಾತು ‘ಗೊತ್ತುಪಡಿಸಿದ ಕಾರಿಡಾರ್’ ಎಂಬುದೇ. ಡೈವರ್ಟರೂ ನೆಲದಡಿಯ ಕೇಬಲ್ಲೂ ತಂತಿ ತಪ್ಪು ಜಾಗಕ್ಕೆ ಬಂದ ಮೇಲೆ ಹುಡುಕುವ ಉಪಶಮನಗಳು. ನಿಜವಾದ ರಕ್ಷಣೆ ಇರುವುದು ತಂತಿ ಎಲ್ಲಿ ಹಾಯಬೇಕೆಂದು ನಕ್ಷೆಯ ಮೇಲೆ ಗೆರೆ ಎಳೆಯುವ ಹೊತ್ತಿನಲ್ಲಿ. ಆದರೆ ಭಾರತದ ಕಾನೂನು ವನ್ಯಜೀವಿಯನ್ನು ಹೊರಗಿಟ್ಟಿರುವುದು ಸರಿಯಾಗಿ ಆ ಹೊತ್ತಿನಲ್ಲೇ. ಯಾವ ಯೋಜನೆಗಳಿಗೆ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವೆಂದು ಹೇಳುವ 2006ರ ಅಧಿಸೂಚನೆಯ ಅನುಸೂಚಿಯಲ್ಲಿ ವಿದ್ಯುತ್ ಪ್ರಸರಣ ಮಾರ್ಗಗಳಿಲ್ಲ. ಮಾರ್ಗ ಅರಣ್ಯವನ್ನು ಹಾಯ್ದರೆ ಅರಣ್ಯ ಅನುಮತಿ ಬೇಕು, ಅಭಯಾರಣ್ಯವನ್ನೋ ರಾಷ್ಟ್ರೀಯ ಉದ್ಯಾನವನ್ನೋ ಹಾಯ್ದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಮುಂದೆ ಹೋಗಬೇಕು. ಇವೆರಡೂ ಅಲ್ಲದ ಬಯಲಿನಲ್ಲಿ ಕೇಳುವವರಿಲ್ಲ. ಹೆಬ್ಬಕ, ತೋಳ, ಕೃಷ್ಣಮೃಗಗಳು ಬದುಕುವ ಹುಲ್ಲುಗಾವಲಿನ ದೊಡ್ಡ ಭಾಗ ಸರ್ಕಾರಿ ದಾಖಲೆಯಲ್ಲಿ ಇಂದಿಗೂ ‘ಪಾಳುಭೂಮಿ’. ಕಾಡನ್ನು ತಪ್ಪಿಸಿ ಮಾರ್ಗ ಹಾಕಿರೆಂಬ ಸದುದ್ದೇಶದ ಸೂಚನೆಯೇ ತಂತಿಗಳನ್ನು ಹುಲ್ಲುಗಾವಲಿನತ್ತ ತಳ್ಳಿದೆ, ಏಕೆಂದರೆ ಅಲ್ಲಿ ಮರ ಕಡಿಯಬೇಕಿಲ್ಲ, ಪರಿಹಾರ ಹೆಚ್ಚು ಕೊಡಬೇಕಿಲ್ಲ, ಅನುಮತಿಗೆ ಕಾಯಬೇಕಿಲ್ಲ. ಜೈಸಲ್ಮೇರಿನಲ್ಲಿ ತಲೆತಲಾಂತರದಿಂದ ದೇವರ ಹೆಸರಿನಲ್ಲಿ ಊರವರು ಕಾಯ್ದುಕೊಂಡು ಬಂದ ‘ಓರಣ್’ ಎಂಬ ಗೋಮಾಳಗಳ ಮೇಲೂ ಹೀಗೆಯೇ ಗೋಪುರಗಳು ಎದ್ದಿವೆ. ಹೆಬ್ಬಕಕ್ಕಾಗಿ ಮೊದಲು ದನಿಯೆತ್ತಿದವರಲ್ಲಿ ಅಲ್ಲಿನ ದನಗಾಹಿಗಳೂ ಇದ್ದಾರೆ.

ಮಾರ್ಗ ನಿಗದಿಯ ಕ್ರಮ ಹೀಗಿದೆ: ಎರಡು ಸಬ್‌ಸ್ಟೇಷನ್ನುಗಳ ನಡುವೆ ಸಾಮಾನ್ಯವಾಗಿ ಮೂರು ಪರ್ಯಾಯ ಗೆರೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಉದ್ದ, ತಿರುವುಗಳು, ನದಿ ರೈಲುಹಳಿಗಳ ದಾಟು, ಅರಣ್ಯದ ಅಳತೆ ಇವುಗಳನ್ನು ಹೋಲಿಸಿ ಒಂದನ್ನು ಆರಿಸುತ್ತಾರೆ, ಆಮೇಲೆ ಸ್ಥಳ ಸಮೀಕ್ಷೆ, ಗೋಪುರದ ಜಾಗಗಳ ನಿಗದಿ. ಹೋಲಿಕೆಯ ಆ ಪಟ್ಟಿಯಲ್ಲಿ ಹಕ್ಕಿಗಳು ಎಲ್ಲಿ ಗೂಡುಕಟ್ಟುತ್ತವೆ, ಸಂಜೆ ಎತ್ತ ಹಾರುತ್ತವೆ ಎಂಬ ಅಂಕಣವೊಂದನ್ನು ಸೇರಿಸುವುದು ಕಷ್ಟವಲ್ಲ. ಪಕ್ಷಿ ಸಂರಕ್ಷಣಾ ಸಂಸ್ಥೆಯಾದ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ 2022ರಲ್ಲಿ ಬಿಡುಗಡೆ ಮಾಡಿದ ‘ಅವಿಸ್ಟೆಪ್’ ಎಂಬ ನಕ್ಷಾಸಾಧನ ಭಾರತದ ಯಾವ ಭಾಗದಲ್ಲಿ ತಂತಿ, ಗಾಳಿಯಂತ್ರಗಳಿಂದ ಹಕ್ಕಿಗಳಿಗೆ ಎಷ್ಟು ಅಪಾಯ ಎಂಬುದನ್ನು ಉಚಿತವಾಗಿ ತೋರಿಸುತ್ತದೆ. ಹೊಸ ಹಾದಿ ಕಡಿಯುವ ಬದಲು ಇರುವ ಹಾದಿಯಲ್ಲೇ ಸಾಮರ್ಥ್ಯ ಹೆಚ್ಚಿಸುವುದು ಇನ್ನೊಂದು ದಾರಿ. ಧಾರವಾಡದ ನರೇಂದ್ರದಿಂದ ಗೋವಾದ ಶೆಲ್ಡೆಮ್‌ಗೆ ಪಶ್ಚಿಮ ಘಟ್ಟ ಇಳಿಯಬೇಕಿದ್ದ 400 ಕೆ.ವಿ. ಮಾರ್ಗದ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ 2021ರಲ್ಲಿ ಹೇಳಿದ್ದು ಇದನ್ನೇ: ಗೋವಾದ ಮೊಲೆಮ್ ಕಾಡಿನಲ್ಲಿ ಹೊಸ ಪಟ್ಟಿ ತೆರೆಯಬೇಡಿ, ಈಗಾಗಲೇ ಇರುವ 220 ಕೆ.ವಿ. ಹಾದಿಯನ್ನು ಬಳಸಿಕೊಳ್ಳಿ. 400 ಕೆ.ವಿ. ಮಾರ್ಗಕ್ಕೆ ಸುಮಾರು 46 ಮೀಟರ್ ಅಗಲದ ತೆರಪು ಬೇಕಾಗುವುದರಿಂದ, ಎತ್ತರದ ಮರಗಳ ಕಾಡಿನಲ್ಲಿ ಅದು ಮರದಿಂದ ಮರಕ್ಕೆ ಸಾಗುವ ಜೀವಿಗಳಿಗೆ ದಾಟಲಾಗದ ಕಂದರವಾಗುತ್ತದೆ.

ಮಾರ್ಗ ಸರಿಯಾಗಿದ್ದರೂ ಕಾಮಗಾರಿ ಕೆಡಿಸಬಹುದು. ಥಾರಿನಲ್ಲಿ ಹೆಬ್ಬಕ ಮೊಟ್ಟೆಯಿಡುವುದು ಹೆಚ್ಚಾಗಿ ಬೇಸಿಗೆಯಿಂದ ಮಳೆಗಾಲದ ಕೊನೆಯವರೆಗೆ. ಆ ತಿಂಗಳುಗಳಲ್ಲಿ ಅಡಿಪಾಯ ಅಗೆಯುವ ಯಂತ್ರಗಳು ಓಡಾಡಿದರೆ ತಾಯಿಹಕ್ಕಿ ಮೊಟ್ಟೆ ಬಿಟ್ಟು ಏಳುತ್ತದೆ, ಬಿಸಿಲಿಗೂ ಕಾಗೆಗೂ ಮೊಟ್ಟೆ ಒಡ್ಡಿಕೊಳ್ಳುತ್ತದೆ. ಕಾರ್ಮಿಕರ ಶಿಬಿರದ ಎಂಜಲಿಗೆ ಸೇರುವ ನಾಯಿಗಳು ಕೆಲಸ ಮುಗಿದು ಶಿಬಿರ ಎದ್ದ ಮೇಲೂ ಬಯಲಲ್ಲೇ ಉಳಿಯುತ್ತವೆ. ರಾತ್ರಿ ಮುಚ್ಚದೆ ಬಿಟ್ಟ ಗುಂಡಿಗಳಿಗೆ ಪ್ರಾಣಿಗಳು ಬೀಳುತ್ತವೆ. ಸಾಮಗ್ರಿ ಸಾಗಿಸಲು ಮಾಡಿದ ದಾರಿ ಆಮೇಲೆ ಬೇಟೆಗಾರನಿಗೂ ದಾರಿಯಾಗುತ್ತದೆ. ಗೂಡುಕಟ್ಟುವ ಕಾಲದಲ್ಲಿ ಕೆಲಸ ನಿಲ್ಲಿಸುವುದು, ಸಂಜೆ ಗುಂಡಿ ಮುಚ್ಚುವುದು, ಎಂಜಲನ್ನು ಹೊರಗೆ ಸಾಗಿಸುವುದು, ತಾತ್ಕಾಲಿಕ ದಾರಿಯನ್ನು ಮತ್ತೆ ಹುಲ್ಲಿಗೆ ಬಿಡುವುದು, ಇವ್ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಡ. ಗುತ್ತಿಗೆಯ ಕರಾರಿನಲ್ಲಿ ಬರೆದು, ತಪ್ಪಿದರೆ ಬಿಲ್ಲು ತಡೆಹಿಡಿದರೆ ಸಾಕು.

ಕರ್ನಾಟಕದ ಓದುಗರಿಗೆ ಹೆಚ್ಚು ಪರಿಚಿತವಾದದ್ದು ಮೊದಲ ಬಗೆಯ ಸಾವು, ಅಂದರೆ ವಿದ್ಯುದಾಘಾತ. ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದಂತೆ 2019-20ರಿಂದ 2023-24ರವರೆಗಿನ ಐದು ವರ್ಷಗಳಲ್ಲಿ ದೇಶದಲ್ಲಿ ಅಸಹಜವಾಗಿ ಸತ್ತ 528 ಆನೆಗಳಲ್ಲಿ 392 ವಿದ್ಯುತ್ತಿಗೆ ಬಲಿಯಾದವು. ಅವುಗಳಲ್ಲಿ 52 ಕರ್ನಾಟಕದವು. ಬೆಳೆ ಕಾಯಲು ಬೇಲಿಗೆ ಅಕ್ರಮವಾಗಿ ಕೊಟ್ಟ ಸಂಪರ್ಕ ಒಂದು ಕಾರಣವಾದರೆ, ಕಾಲಕ್ರಮದಲ್ಲಿ ಜೋತುಬಿದ್ದ ತಂತಿ, ವಾಲಿದ ಕಂಬಗಳು ಇನ್ನೊಂದು ಕಾರಣ. ಆನೆ ಓಡಾಡುವಲ್ಲಿ ತಂತಿಯ ಅತ್ಯಂತ ಕೆಳಗಿನ ಬಿಂದು ಸಮತಟ್ಟಿನಲ್ಲಿ 20 ಅಡಿ, ಕಡಿದಾದ ಇಳಿಜಾರಿನಲ್ಲಿ 30 ಅಡಿ ಎತ್ತರದಲ್ಲಿರಬೇಕೆಂದು ಮಾರ್ಗಸೂಚಿ ಇದೆ. ಮಳೆಗಾಲಕ್ಕೆ ಮುಂಚೆ ಲೈನ್‌ಮನ್ ಮತ್ತು ಅರಣ್ಯ ರಕ್ಷಕ ಜೊತೆಯಾಗಿ ಆನೆದಾರಿಯ ತಂತಿಗಳನ್ನು ನೋಡಿಬಂದರೆ ತಪ್ಪುವ ಸಾವುಗಳು ಇವು.

ಹೆಬ್ಬಕ ಕರ್ನಾಟಕದ ಹಕ್ಕಿಯೂ ಹೌದು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳ ಸುತ್ತ ಬೆರಳೆಣಿಕೆಯಷ್ಟು ಹೆಬ್ಬಕಗಳು ಕಾಣಿಸಿಕೊಂಡಿವೆ. ಜೈಸಲ್ಮೇರಿನ ಸಂತಾನಾಭಿವೃದ್ಧಿ ಕೇಂದ್ರಗಳಲ್ಲಿ ಮರಿಗಳು ಬೆಳೆಯುತ್ತಿರುವುದೂ, 2024ರಲ್ಲಿ ಅಲ್ಲಿ ಕೃತಕ ಗರ್ಭಧಾರಣೆಯಿಂದ ಮರಿಯೊಂದು ಹುಟ್ಟಿದ್ದೂ ಭರವಸೆ ಹುಟ್ಟಿಸುವ ಬೆಳವಣಿಗೆಗಳೇ; ಆದರೆ ಆ ಮರಿಗಳನ್ನು ಒಂದು ದಿನ ಬಿಡಬೇಕಾದ ಬಯಲುಗಳು ತಂತಿಯಿಲ್ಲದೆ ಉಳಿದಿರಬೇಕು. ಬಳ್ಳಾರಿ, ಕೊಪ್ಪಳ, ಗದಗ, ರಾಯಚೂರುಗಳ ಗಾಳಿ ಬಿಸಿಲುಗಳಿಂದ ಇನ್ನೂ ಸಾಕಷ್ಟು ವಿದ್ಯುತ್ ಉತ್ಪಾದನೆಯಾಗಲಿದೆ, ಆಗಬೇಕು ಕೂಡ, ಮತ್ತು ಅದನ್ನು ಸಾಗಿಸಲು ತಂತಿಗಳೂ ಬೇಕು. ಆ ತಂತಿಗಳ ಗೆರೆ ಎಳೆಯುವ ಮುನ್ನ ರಾಜ್ಯ ಸರ್ಕಾರ ಸಿರುಗುಪ್ಪದ ಬಯಲನ್ನು ತಂತಿ ಹಾಯಬಾರದ ವಲಯವೆಂದು ನಕ್ಷೆಯಲ್ಲಿ ಗುರುತಿಸಲಿ. ಕೇಂದ್ರ ಸರ್ಕಾರ ಪ್ರಸರಣ ಮಾರ್ಗಗಳನ್ನು 2006ರ ಅಧಿಸೂಚನೆಯ ಅನುಸೂಚಿಗೆ ಸೇರಿಸಿ, ಹುಲ್ಲುಗಾವಲನ್ನು ಪಾಳುಭೂಮಿಯ ಪಟ್ಟಿಯಿಂದ ತೆಗೆಯಲಿ. ಈ ಮೂರಕ್ಕೂ ನ್ಯಾಯಾಲಯದ ಮತ್ತೊಂದು ಆದೇಶಕ್ಕಾಗಿ ಕಾಯಬೇಕಾದ ಅಗತ್ಯವಿಲ್ಲ.